ಗುಡ್ಡದ ಕೋಟೆಯಿಂದ ಡ್ಯೂಕ್ ಪಟ್ಟದವರೆಗೆ: ವುರ್ಟೆಂಬರ್ಗ್ ಮನೆತನ ಬೆಳೆದದ್ದು ಹೇಗೆ?

ಓಲೆಗರಿ (ಪ್ರಶ್ನೆ):

‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಬ್ರಾಕನ್‌ಹೈಮ್‌ನಲ್ಲಿ, ಓದಿದ್ದು ಟ್ಯೂಬಿಂಗೆನ್‌ನಲ್ಲಿ, ಕಣ್ಣು ಮುಚ್ಚಿದ್ದು ಎಸ್ಲಿಂಗೆನ್‌ನಲ್ಲಿ. ಕಿಟ್ಟೆಲ್ ಉತ್ತರದ ಕಡಲ ಕಡೆಯವರಾದರೂ ಕೊನೆಗಾಲ ಕಳೆದದ್ದು ಟ್ಯೂಬಿಂಗೆನ್‌ನಲ್ಲೇ. ಅವರ ಕಾಲಕ್ಕೆ ಈ ಮೂರೂ ಊರು ವುರ್ಟೆಂಬರ್ಗ್ ರಾಜ್ಯದೊಳಗಿದ್ದವು. ಆ ರಾಜ್ಯ ಕಟ್ಟಿದ ಮನೆತನದ ಮೊದಲ ನಾಲ್ಕುನೂರು ವರ್ಷಗಳ ಕಥೆ ಓದಲು ಹೊರಟರೆ ಎಲ್ಲೆಲ್ಲೂ ಎಬರ್‌ಹಾರ್ಡ್, ಇಲ್ಲದಿದ್ದರೆ ಉಲ್ರಿಕ್. ಯಾರ ಮಗ ಯಾರು ಅಂತ ತಿಳಿಯುವಷ್ಟರಲ್ಲಿ ಇನ್ನೊಂದು ಯುದ್ಧ ಶುರು.

ನನ್ನ ಗೊಂದಲ ಇಷ್ಟು. ಒಂದು ಕಡೆ 1246ರಲ್ಲಿ ಉಲ್ರಿಕ್ ದುಡ್ಡು ತಗೊಂಡು ಪಕ್ಷ ಬದಲಿಸಿದ, ಅದರಿಂದಲೇ ಮನೆತನ ಮೇಲೆ ಬಂತು ಎನ್ನುತ್ತಾರೆ. ಇನ್ನೊಂದು ಕಡೆ ಎಲ್ಲವನ್ನೂ ಕೊಂಡುಕೊಂಡರು ಎನ್ನುತ್ತಾರೆ. ಯಾವುದು ಸರಿ? 1311ರಲ್ಲಿ ಸಾಮ್ರಾಜ್ಯದ (ಜರ್ಮನ್ ನಾಡುಗಳೆಲ್ಲ ಸೇರಿದ್ದ ಪವಿತ್ರ ರೋಮನ್ ಸಾಮ್ರಾಜ್ಯ) ಪಡೆ ಅವರ ಮೂಲಕೋಟೆಯನ್ನೇ ನೆಲಸಮ ಮಾಡಿತಂತೆ, ಆಮೇಲೂ ಹೇಗೆ ಉಳಿದರು? 1442ರಲ್ಲಿ ಪಾಲಾದ ಆಸ್ತಿ ಮತ್ತೆ ಒಂದಾದದ್ದು ಹೇಗೆ? ಮತ್ತೆ 5ನೇ ಎಬರ್‌ಹಾರ್ಡ್ ಇದ್ದಕ್ಕಿದ್ದಂತೆ 1ನೇ ಎಬರ್‌ಹಾರ್ಡ್ ಆಗುವುದು ಯಾಕೆ?

ಗಡಿಕಲ್ಲು:

ಮೊದಲು ಜಾಗ ನೋಡಿಕೊಳ್ಳಿ, ಕಥೆ ಸುಲಭವಾಗುತ್ತದೆ. ಇವತ್ತಿನ ಸ್ಟುಟ್‌ಗಾರ್ಟ್ ನಗರದ ಪೂರ್ವದ ಅಂಚಿನಲ್ಲಿ, ನೆಕ್ಕರ್ ನದಿಯ ಕಣಿವೆಯ ಮೇಲೆ 411 ಮೀಟರ್ ಎತ್ತರದ ಗುಡ್ಡ ಇದೆ, ಇಳಿಜಾರಿನ ತುಂಬ ದ್ರಾಕ್ಷಿ ತೋಟ. ಅದರ ನೆತ್ತಿಯಲ್ಲಿದ್ದ ಕೋಟೆಯೇ ವಿರ್ಟೆಂಬರ್ಗ್. ಈಗ ಹೋದರೆ ಕೋಟೆ ಕಾಣುವುದಿಲ್ಲ. ಅಳಿದುಳಿದದ್ದನ್ನು 1819ರಲ್ಲಿ ತೆಗೆಸಿ ದೊರೆ 1ನೇ ವಿಲ್ಹೆಲ್ಮ್ ತನ್ನ ರಾಣಿ ಕ್ಯಾಥರೀನಾಳ ಸಮಾಧಿ ಮಂದಿರ ಕಟ್ಟಿಸಿದ. ಕೋಟೆಯ ಪ್ರಾರ್ಥನಾಮಂದಿರವನ್ನು 1083ರ ಫೆಬ್ರವರಿ 7ರಂದು ವೊರ್ಮ್ಸ್‌ನ ಬಿಷಪ್ ಆಡಲ್ಬರ್ಟ್ ಪವಿತ್ರಗೊಳಿಸಿದ ಎಂಬ ಕಲ್ಲಿನ ಶಾಸನ ಮಾತ್ರ ಉಳಿದಿದೆ. ಎಲ್ಲರೂ 1083 ಅಂತ ಬರೆಯುವುದು ಈ ಕಲ್ಲನ್ನು ನೋಡಿಯೇ. ಮನೆತನ ಆವತ್ತು ಹುಟ್ಟಿತು ಅಂತಲ್ಲ. ಅದಕ್ಕೂ ಮೊದಲು ಅವರು ಪಕ್ಕದ ರೆಮ್ಸ್ ಕಣಿವೆಯ ಬಾಯ್ಟೆಲ್ಸ್‌ಬಾಖ್‌ನವರು. ಹೊಸ ಕೋಟೆ ಕಟ್ಟಿಕೊಂಡ ಮೇಲೆ ಅದರ ಹೆಸರನ್ನೇ ಮನೆಯ ಹೆಸರು ಮಾಡಿಕೊಂಡರು. ಆ ಕಾಲದ ಜರ್ಮನ್ ಕುಲೀನರೆಲ್ಲ ಮಾಡಿದ್ದು ಇದನ್ನೇ.

ಹೆಸರು ಸಿಗುವ ಮೊದಲಿಗ ಕೊನ್ರಾಡ್. 1092ರಲ್ಲಿ ಉಲ್ಮ್‌ನ ಒಂದು ಪತ್ರದಲ್ಲಿ ಕೋಟೆಯ ಹೆಸರಿನೊಂದಿಗೆ ಕಾಣಿಸಿಕೊಳ್ಳುತ್ತಾನೆ. ತಮ್ಮ ಬ್ರೂನೋ 1105ರಲ್ಲಿ ಹಿರ್ಸಾವ್ ಮಠದ ಅಧಿಪತಿಯಾದ. ಹಿರ್ಸಾವ್ ಎಂದರೆ ಚಕ್ರವರ್ತಿಗೂ ಪೋಪ್‌ಗೂ ನಡೆದ ಜಗಳದಲ್ಲಿ ಪೋಪ್ ಪಕ್ಷದ ಕೇಂದ್ರ. ಮುಂದೆ ಚಕ್ರವರ್ತಿಗಳ ಜೊತೆ ನಡೆಯುವ ಕಿತ್ತಾಟದ ಬೀಜ ಇಲ್ಲೇ ಇತ್ತು ಅನ್ನಬಹುದು, ಆದರೆ ಬಹಳ ಎಳೆಯಬೇಡಿ. ನಡುವಿನ ನೂರು ವರ್ಷ ಅವರು ಹೊಹೆನ್‌ಸ್ಟೌಫನ್ (ಸ್ಟೌಫರ್) ದೊರೆಗಳ, ಅಂದರೆ ಆಗ ಸಾಮ್ರಾಜ್ಯ ಆಳುತ್ತಿದ್ದ ಮನೆತನದ, ಒಡ್ಡೋಲಗದಲ್ಲಿ ಕೈಕಟ್ಟಿ ನಿಂತವರೇ. 12ನೇ ಶತಮಾನದ ನಡುಭಾಗದಿಂದ ಕೌಂಟ್ (ಒಂದು ಸೀಮೆಯ ಒಡೆಯ, ಡ್ಯೂಕ್‌ಗಿಂತ ಕೆಳಗಿನ ಪದವಿ) ಎಂಬ ಬಿರುದು ಬಳಕೆಗೆ ಬಂತು.

ಈಗ 1246. ಪೋಪ್ 4ನೇ ಇನ್ನೊಸೆಂಟ್ ಹಿಂದಿನ ವರ್ಷ ಹೊಹೆನ್‌ಸ್ಟೌಫನ್ ಚಕ್ರವರ್ತಿ 2ನೇ ಫ್ರೆಡರಿಕ್‌ನನ್ನು ಪದಚ್ಯುತ ಎಂದು ಸಾರಿದ್ದ. ಎದುರು ದೊರೆಯಾಗಿ ಹೈನ್‌ರಿಖ್ ರಾಸ್ಪೆ ಆಯ್ಕೆಯಾಗಿದ್ದ. ಆಗಸ್ಟ್ 5ರಂದು ಫ್ರಾಂಕ್‌ಫರ್ಟ್ ಹತ್ತಿರ ನಿಡ್ಡಾ ನದಿಯ ದಡದಲ್ಲಿ ಫ್ರೆಡರಿಕ್‌ನ ಮಗ 4ನೇ ಕೊನ್ರಾಡ್ ಯುದ್ಧಕ್ಕೆ ನಿಂತಾಗ ಅವನ ಕಡೆಯಿದ್ದ ವುರ್ಟೆಂಬರ್ಗ್‌ನ 1ನೇ ಉಲ್ರಿಕ್ ಮತ್ತು ಗ್ರೂನಿಂಗೆನ್‌ನ ಹಾರ್ಟ್‌ಮನ್ ದಂಡು ಸಮೇತ ಎದುರು ಪಾಳೆಯಕ್ಕೆ ದಾಟಿದರು. ಬೆಲೆ 7,000 ಮಾರ್ಕ್ ಬೆಳ್ಳಿ, ಜೊತೆಗೆ ಸ್ವೇಬಿಯಾ (ಜರ್ಮನಿಯ ನೈಋತ್ಯದ ಈ ಸೀಮೆ) ಡ್ಯೂಕ್ ಪದವಿಯ ಭರವಸೆ ಎಂಬುದು ಸೋತವರ ಕಡೆಯ ದೂರು. ಮಾರ್ಕ್ ಅಂದರೆ ನಾಣ್ಯವಲ್ಲ, ತೂಕ. ಕಲೋನ್ ಮಾರ್ಕ್ ಸುಮಾರು 234 ಗ್ರಾಂ, ಆ ಲೆಕ್ಕದಲ್ಲಿ 1,600 ಕಿಲೋ ದಾಟುವ ಬೆಳ್ಳಿ.

ಆದರೆ ರಾಸ್ಪೆ ಆರೇ ತಿಂಗಳಲ್ಲಿ, 1247ರ ಫೆಬ್ರವರಿಯಲ್ಲಿ ಸತ್ತ. ಡ್ಯೂಕ್ ಪದವಿಯ ಮಾತು ಗಾಳಿಗೆ ಹೋಯಿತು. ನನ್ನ ಪ್ರಕಾರ ಲಂಚಕ್ಕಿಂತ ಮುಖ್ಯವಾದದ್ದು ಆಮೇಲೆ ಬಿದ್ದ ಖಾಲಿ ಜಾಗ. ಕೊನ್ರಾಡ್ 1254ರಲ್ಲಿ ಸತ್ತ, ಅವನ ಮಗ ಕೊನ್ರಾಡಿನ್‌ನ ತಲೆಯನ್ನು 1268ರಲ್ಲಿ ನೇಪಲ್ಸ್‌ನಲ್ಲಿ ಕಡಿದರು. ಸ್ವೇಬಿಯಾಕ್ಕೆ ಡ್ಯೂಕ್ ಎಂಬುವನೇ ಇಲ್ಲದಾಯಿತು. ಯಜಮಾನ ಸತ್ತ ದೊಡ್ಡ ಮನೆಯ ಹಿತ್ತಲಿಗೆ ಅಕ್ಕಪಕ್ಕದವರು ಬೇಲಿ ಸರಿಸಿಕೊಳ್ಳುತ್ತ ಬರುವ ಹಾಗೆ ಉಲ್ರಿಕ್ ಬಂದ. ತಮಾಷೆ ನೋಡಿ, ಅಪ್ಪನಿಗೆ ದ್ರೋಹ ಮಾಡಿದವನಿಗೇ 1259ರಲ್ಲಿ ಎಳೆಯ ಮಗ ಕೊನ್ರಾಡಿನ್‌ನ ಹೆಸರಿನಲ್ಲಿ ಸ್ವೇಬಿಯಾದ ಮಾರ್ಷಲ್ ಹುದ್ದೆ ಮತ್ತು ಉಲ್ಮ್ ನಗರದ ರಕ್ಷಣಾಧಿಕಾರ ಸಿಕ್ಕಿತು. ಕೊನ್ರಾಡಿನ್ ಕಡೆಯವರಿಗೆ ಬೇರೆ ದಾರಿ ಇರಲಿಲ್ಲ.

ಪಡಿಕಾಸು:

ಗಡಿಕಲ್ಲು ಅವರು ಹೇಳಿದ್ದು ಸರಿ, ಆದರೆ ಖಾಲಿ ಜಾಗ ಎಲ್ಲರಿಗೂ ಖಾಲಿಯೇ ಇತ್ತು. ಟ್ಯೂಬಿಂಗೆನ್‌ನ ಪ್ಯಾಲಟೈನ್ ಕೌಂಟ್‌ಗಳು (ಸಾದಾ ಕೌಂಟ್‌ಗಿಂತ ಮೇಲಿನ ಪದವಿ) 13ನೇ ಶತಮಾನದ ಆರಂಭದಲ್ಲಿ ವುರ್ಟೆಂಬರ್ಗಿಗಿಂತ ದೊಡ್ಡ ಮನೆ. ಟೆಕ್ ಡ್ಯೂಕ್‌ಗಳಿಗೆ ಬಿರುದೇ ಮೇಲಿನದು. ಇವರೆಲ್ಲ ಮಾರಿದರು, ವುರ್ಟೆಂಬರ್ಗಿನವರು ಕೊಂಡರು. ಅದು ಯಾಕೆ ಹಾಗಾಯಿತು ಎಂಬುದೇ ನಿಜವಾದ ಪ್ರಶ್ನೆ.

ಕಾಗದದಲ್ಲಿ ಆಸ್ತಿ ಬರುವ ಬಗೆ ನಾಲ್ಕು. ಸ್ವಂತ ಪಿತ್ರಾರ್ಜಿತ, ಯಾರ ಹಂಗೂ ಇಲ್ಲದ್ದು. ಉಂಬಳಿ, ಮೇಲಿನ ದೊರೆಗೆ ಸೇವೆ ಒಪ್ಪಿಕೊಂಡು ಹಿಡಿದದ್ದು. ಮಠದ ರಕ್ಷಣಾಧಿಕಾರ: ಜಮೀನು ಮಠದ್ದೇ, ಆದರೆ ನ್ಯಾಯ ಹೇಳುವ, ಕಾವಲು ಕಾಯುವ, ಅದಕ್ಕೆ ಕಾಣಿಕೆ ಎತ್ತುವ ಹಕ್ಕು ಇವರದು. ನಾಲ್ಕನೆಯದು ಅಡವು. ಅಡವು ಅಂದಾಗ ಬ್ಯಾಂಕಿನ ಅಡಮಾನ ನೆನೆಸಬೇಡಿ, ನಮ್ಮ ಭೋಗ್ಯ ನೆನೆಸಿಕೊಳ್ಳಿ. ದೊರೆ ಸಾಲ ತೆಗೆದ, ಊರನ್ನು ಕೊಟ್ಟ. ಸಾಲ ಕೊಟ್ಟವನು ಬಡ್ಡಿ ಕೇಳುವುದಿಲ್ಲ, ಊರಿನ ಉತ್ಪತ್ತಿ ಅನುಭವಿಸುತ್ತಾನೆ. ಅಸಲು ತೀರಿಸುವವರೆಗೂ ಬಿಡುವುದಿಲ್ಲ, ದೊರೆಗಳು ಅಸಲು ತೀರಿಸಿದ್ದು ಅಪರೂಪ. ಯಾವ ಊರು ‘ಬಂತು’ ಎಂದು ಓದಿದರೂ ಈ ನಾಲ್ಕರಲ್ಲಿ ಯಾವ ದಾರಿ ಅಂತ ಮೊದಲು ನೋಡಿ. ನಕ್ಷೆಯಲ್ಲಿ ಎಲ್ಲಕ್ಕೂ ಒಂದೇ ಬಣ್ಣ ಬಳಿದಿರುತ್ತಾರೆ, ಅಲ್ಲೇ ಮೋಸ ಹೋಗುವುದು.

ಒಂದು ಕ್ರಯಪತ್ರ ಹತ್ತಿರದಿಂದ ನೋಡೋಣ. 1342ರ ಡಿಸೆಂಬರ್ 5. ಪ್ಯಾಲಟೈನ್ ಕೌಂಟ್ ಅಣ್ಣತಮ್ಮಂದಿರಾದ ಗ್ಯೋಟ್ಸ್ ಮತ್ತು ವಿಲ್ಹೆಲ್ಮ್, ಟ್ಯೂಬಿಂಗೆನ್ ಕೋಟೆ ಮತ್ತು ಪಟ್ಟಣವನ್ನು ಜನ, ಜಮೀನು, ಹಕ್ಕು ಸಮೇತ 3ನೇ ಉಲ್ರಿಕ್‌ಗೆ ಮಾರುತ್ತಾರೆ. ಬೆಲೆ 20,000 ಪೌಂಡ್ ಹೆಲ್ಲರ್. ಹೆಲ್ಲರ್ ಅಂದರೆ ಷ್ವೇಬಿಷ್ ಹಾಲ್ ಟಂಕಶಾಲೆಯ ಸಣ್ಣ ನಾಣ್ಯ, ಒಂದು ಮುಖಕ್ಕೆ ಅಂಗೈ, ಇನ್ನೊಂದಕ್ಕೆ ಶಿಲುಬೆ. ಪೌಂಡ್ ಎಂಬ ನಾಣ್ಯ ಇರಲಿಲ್ಲ, ಅದು ಎಣಿಕೆಯ ಲೆಕ್ಕ: 240 ಹೆಲ್ಲರ್‌ಗೆ ಒಂದು ಪೌಂಡ್. ಹಾಗಾದರೆ 48 ಲಕ್ಷ ಹೆಲ್ಲರ್. ಪತ್ರದಲ್ಲಿ ‘ಇದೊಂದು ಬಿಟ್ಟು’ ಎಂಬ ಸಾಲು ಬರುತ್ತದಲ್ಲ, ಅದನ್ನು ಓದಬೇಕು. ಮಾರಿದವರು ತಮಗೆಂದು ಉಳಿಸಿಕೊಂಡದ್ದು ಷ್ಯೋನ್‌ಬುಖ್ ಕಾಡಿನಲ್ಲಿ ಬೇಟೆಯಾಡುವ ಹಕ್ಕು ಮತ್ತು ಬೇಬನ್‌ಹೌಸನ್ ಮಠದಲ್ಲಿ ತಮ್ಮ ಬೇಟೆನಾಯಿಗಳನ್ನು ಕಟ್ಟಿ ಸಾಕಿಸುವ ಹಕ್ಕು. ರಾಜಧಾನಿ ಹೋಯಿತು, ನಾಯಿ ಉಳಿಯಿತು. ಆ ಬೇಬನ್‌ಹೌಸನ್ ಮಠವನ್ನು ಕಟ್ಟಿದ್ದೂ ಇವರ ಪೂರ್ವಜರೇ.

ಅವರು ಈ ಸ್ಥಿತಿಗೆ ಬಂದದ್ದು ಸೋತು ಅಲ್ಲ, ಹಂಚಿಕೊಂಡು. ತಲೆಮಾರಿಗೊಮ್ಮೆ ಪಾಲು: ಹೊರ್ಬ್, ಹೆರೆನ್‌ಬರ್ಗ್, ಬ್ಯೋಬ್ಲಿಂಗೆನ್, ಆಸ್ಪೆರ್ಗ್ ಅಂತ ಕವಲು. ಪ್ರತಿ ಕವಲಿಗೂ ಒಂದು ಕೋಟೆ, ಒಂದು ಒಡ್ಡೋಲಗ, ಒಂದು ಮಠಕ್ಕೆ ದಾನ. ಆದಾಯ ನಾಲ್ಕು ಪಾಲು, ಖರ್ಚು ಮಾತ್ರ ನಾಲ್ಕು ಪಟ್ಟು. ಆಸ್ಪೆರ್ಗ್ 1308ರಲ್ಲಿ, ಟ್ಯೂಬಿಂಗೆನ್ 1342ರಲ್ಲಿ, ಹೆರೆನ್‌ಬರ್ಗ್ 1382ರಲ್ಲಿ ವುರ್ಟೆಂಬರ್ಗ್ ಪಾಲಾದವು. ಟೆಕ್ ಡ್ಯೂಕ್‌ಗಳದ್ದೂ ಇದೇ ಪಾಡು. 1381ರ ಹೊತ್ತಿಗೆ ಟೆಕ್ ಕೋಟೆಯೂ ಕಿರ್ಖ್‌ಹೈಮ್ ಪಟ್ಟಣವೂ ವುರ್ಟೆಂಬರ್ಗಿನ ಕೈಯಲ್ಲಿದ್ದವು.

ವುರ್ಟೆಂಬರ್ಗಿನವರಿಗೆ ದುಡ್ಡು ಎಲ್ಲಿಂದ ಬಂತು ಎಂದರೆ, ನೆಕ್ಕರ್ ಮತ್ತು ರೆಮ್ಸ್ ಕಣಿವೆಗಳ ದ್ರಾಕ್ಷಿ, ಸುಂಕ, ಪಟ್ಟಣಗಳ ವಾರ್ಷಿಕ ತೆರಿಗೆ. ಕೊಂಡದ್ದನ್ನು ಹಾಗೇ ಬಿಡಲಿಲ್ಲ. ಒಂದು ಪಟ್ಟಣ, ಅದರ ಸುತ್ತಿನ ಹಳ್ಳಿಗಳು, ಅವಕ್ಕೆ ಲೆಕ್ಕ ಒಪ್ಪಿಸುವ ಒಬ್ಬ ಸಂಬಳದ ಅಧಿಕಾರಿ. ಅದಕ್ಕೆ ‘ಅಮ್ಟ್’ ಎನ್ನುತ್ತಿದ್ದರು, ತಾಲ್ಲೂಕು ಎಂದುಕೊಳ್ಳಿ. ಉಂಬಳಿ ಕೊಟ್ಟರೆ ಉಂಬಳಿದಾರನ ಮಗನೂ ಬಂದು ಕೂರುತ್ತಾನೆ, ಸಂಬಳದವನನ್ನು ಬದಲಿಸಬಹುದು.

ಓಲೆಗರಿ:

ಭೋಗ್ಯದ ಹೋಲಿಕೆಯಿಂದ ಅರ್ಧ ಗೊಂದಲ ಹೋಯಿತು. ಆದರೆ ಇಷ್ಟು ಲೆಕ್ಕಾಚಾರದವರು 1311ರಲ್ಲಿ ಹೇಗೆ ಎಲ್ಲ ಕಳೆದುಕೊಂಡರು? ಇನ್ನೊಂದು, ಎಸ್ಲಿಂಗೆನ್ ಸ್ಟುಟ್‌ಗಾರ್ಟ್ ಪಕ್ಕದಲ್ಲೇ ಇದೆ. ಅದನ್ನು ಯಾಕೆ ಕೊಳ್ಳಲಿಲ್ಲ? 1ನೇ ಉಲ್ರಿಕ್‌ನನ್ನು ‘ಸ್ಥಾಪಕ’ ಎನ್ನುವುದು ಮನೆತನ ಸ್ಥಾಪಿಸಿದ್ದಕ್ಕೇ ತಾನೇ?

ಗಡಿಕಲ್ಲು:

ಕೊನೆಯದಕ್ಕೆ ಮೊದಲು ಉತ್ತರ: ಅಲ್ಲ. ಬಾಯ್ಟೆಲ್ಸ್‌ಬಾಖ್‌ನಲ್ಲಿ ಪಾದ್ರಿಗಳ ಸಂಸ್ಥೆಗೆ ದತ್ತಿ ಬಿಟ್ಟವನು ಎಂಬರ್ಥದ ಹೆಸರು ಅದು. ದಾನಿ ಎಂದರೆ ಹತ್ತಿರ.

ಇನ್ನು 1311, ಅದು ಅವನ ಮಗ 1ನೇ ಎಬರ್‌ಹಾರ್ಡ್‌ನ ಕಾಲ, ವಿಷಯ ಸ್ವಲ್ಪ ಉದ್ದ. ಅಡ್ಡಹೆಸರು ‘ಮಹಾಮಹಿಮ’ ಎನ್ನುವಂಥದ್ದು, ಆಳಿದ್ದು 1279ರಿಂದ 1325. ಹುಟ್ಟಿದ ವರ್ಷವೇ, 1265ರಲ್ಲೇ, ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಇವನು ದೊಡ್ಡವನಾಗುವ ಹೊತ್ತಿಗೆ ಖಾಲಿ ಜಾಗದ ಕಾಲ ಮುಗಿದಿತ್ತು. 1273ರಲ್ಲಿ ದೊರೆಯಾದ ಹಬ್ಸ್‌ಬರ್ಗ್‌ನ ರುಡಾಲ್ಫ್, ಸ್ಟೌಫರ್ ಆಸ್ತಿಯಲ್ಲಿ ಯಾರು ಯಾರು ಏನೇನು ನುಂಗಿದ್ದಾರೋ ಕಕ್ಕಿ ಎಂದ. ಅಂದರೆ ವುರ್ಟೆಂಬರ್ಗಿನ ಬುಡಕ್ಕೇ ಕೊಡಲಿ. 1286ರಲ್ಲಿ ರುಡಾಲ್ಫ್ ಏಳು ವಾರ ಸ್ಟುಟ್‌ಗಾರ್ಟಿಗೆ ಮುತ್ತಿಗೆ ಹಾಕಿದ. ಎಬರ್‌ಹಾರ್ಡ್ ಬಗ್ಗಿದ, ಒಪ್ಪಂದ ಮಾಡಿಕೊಂಡ, ಮತ್ತೆ ಎದ್ದ. ದೊರೆ ಬದಲಾದಾಗಲೆಲ್ಲ ಹೊಸ ಲೆಕ್ಕ. 1298ರಲ್ಲಿ ದೊರೆಯಾದ ಆಲ್ಬ್ರೆಖ್ಟ್ ಇವನಿಗೇ ಕೆಳ ಸ್ವೇಬಿಯಾದ ಸಾಮ್ರಾಜ್ಯದ ಆಸ್ತಿ ನೋಡಿಕೊಳ್ಳುವ ಅಧಿಕಾರ ಕೊಟ್ಟ. ಬೆಕ್ಕಿಗೆ ಹಾಲಿನ ಕಾವಲು. ಸಾಮ್ರಾಜ್ಯದ ನಗರಗಳು ದೂರಿನ ಮೇಲೆ ದೂರು ಕೊಟ್ಟವು.

ಆ ದೂರುಗಳು ಕೆಲಸ ಮಾಡಿದ್ದು 7ನೇ ಹೈನ್‌ರಿಖ್ ದೊರೆಯಾಗಿ ಬಂದಾಗ. ಅವನು ಇಟಲಿಗೆ ಹೊರಟ, ಸಾಮ್ರಾಜ್ಯದ ಹೆಸರಿನಲ್ಲಿ ಯುದ್ಧ ನಡೆಸುವ ಕೆಲಸ ವೈನ್ಸ್‌ಬರ್ಗ್‌ನ ಕೊನ್ರಾಡ್‌ಗೆ ಬಿತ್ತು. ಕಾಲಾಳು, ಕಾಸು ಎರಡರಲ್ಲೂ ಎಸ್ಲಿಂಗೆನ್ ಮುಂದೆ. 1311ರಲ್ಲಿ ಮೂಲಕೋಟೆ ಬಿತ್ತು, ಬಾಯ್ಟೆಲ್ಸ್‌ಬಾಖ್‌ನಲ್ಲಿದ್ದ ಹಿರಿಯರ ಗೋರಿಗಳನ್ನೂ ಒಡೆದರು. 1312ರಲ್ಲಿ ಸ್ಟುಟ್‌ಗಾರ್ಟ್ ಎಸ್ಲಿಂಗೆನ್‌ಗೆ ಶರಣಾಯಿತು. ಎಬರ್‌ಹಾರ್ಡ್ ಹೆಂಡತಿಯ ತವರು ಬಾಡೆನ್‌ನವರ ಆಶ್ರಯದಲ್ಲಿ ಬೆಸಿಗ್‌ಹೈಮ್‌ನಲ್ಲಿ ಅಡಗಿದ.

ಉಳಿಸಿದ್ದು ಒಂದು ಸಾವು. 1313ರ ಆಗಸ್ಟ್ 24ರಂದು ಸಿಯೆನಾ ಹತ್ತಿರದ ಬ್ವೋನ್‌ಕೊನ್ವೆಂಟೋದಲ್ಲಿ ಹೈನ್‌ರಿಖ್ ಸತ್ತ. ಮುಂದಿನ ವರ್ಷ ಒಂದೇ ಕುರ್ಚಿಗೆ ಇಬ್ಬರು ದೊರೆಗಳು ಆಯ್ಕೆಯಾದರು, ಬವೇರಿಯಾದ ಲುಡ್ವಿಗ್ ಮತ್ತು ಆಸ್ಟ್ರಿಯಾದ ಫ್ರೆಡರಿಕ್. ಇಬ್ಬರಿಗೂ ಸ್ವೇಬಿಯಾದಲ್ಲಿ ಜನ ಬೇಕು. ಎಬರ್‌ಹಾರ್ಡ್ ತನ್ನ ಬೆಂಬಲಕ್ಕೆ ಬೆಲೆ ಕಟ್ಟಿದ, ಕಳೆದದ್ದನ್ನೆಲ್ಲ ವಾಪಸು ಪಡೆದ. 1321ರಲ್ಲಿ ಬಾಯ್ಟೆಲ್ಸ್‌ಬಾಖ್‌ನ ಪಾದ್ರಿಗಳ ಸಂಸ್ಥೆಯನ್ನೂ ಮನೆತನದ ಸಮಾಧಿಯನ್ನೂ ಸ್ಟುಟ್‌ಗಾರ್ಟಿನ ಗೋಡೆಯೊಳಗೆ ತಂದ. ಸ್ಟುಟ್‌ಗಾರ್ಟ್ ರಾಜಧಾನಿಯಾದದ್ದು ಯಾವಾಗ ಎಂದರೆ ನಾನು ಈ ವರ್ಷವನ್ನೇ ಹೇಳುತ್ತೇನೆ. ಗೋರಿ ಎಲ್ಲಿದೆಯೋ ಮನೆ ಅಲ್ಲಿ.

ಎಸ್ಲಿಂಗೆನ್ ಕೊಳ್ಳಲು ಬಾರದು, ಯಾಕೆಂದರೆ ಮಾರಲು ಅಲ್ಲಿ ಸಾಲಗಾರ ಕೌಂಟ್ ಯಾರೂ ಇಲ್ಲ. ಅದು ನೇರವಾಗಿ ಚಕ್ರವರ್ತಿಯ ಕೆಳಗಿನ ನಗರ, ಹತ್ತಿರದ ರಾಯ್ಟ್‌ಲಿಂಗೆನ್ ಕೂಡ. ದಾರಿ ಎರಡೇ: ಚಕ್ರವರ್ತಿಯಿಂದ ಭೋಗ್ಯಕ್ಕೆ ಪಡೆಯುವುದು ಅಥವಾ ಹೊಡೆದು ಕಿತ್ತುಕೊಳ್ಳುವುದು.

ಮುದ್ರೆಮನೆ:

ಎರಡನ್ನೂ ಪ್ರಯತ್ನಿಸಿದವನು 2ನೇ ಎಬರ್‌ಹಾರ್ಡ್ (1344–1392), ಅಡ್ಡಹೆಸರು ‘ಜಗಳಗಂಟ’. 1376ರಲ್ಲಿ 4ನೇ ಚಾರ್ಲ್ಸ್ ಮಗ ವೆನ್ಸೆಲ್‌ನನ್ನು ದೊರೆಯಾಗಿ ಆಯ್ಕೆ ಮಾಡಿಸಲು ಆಯ್ಕೆದಾರರಿಗೆ (ದೊರೆಯನ್ನು ಆರಿಸುವ ಹಕ್ಕಿದ್ದ ಒಡೆಯರಿಗೆ) ಸುರಿಯಬೇಕಾದ ಹಣಕ್ಕಾಗಿ ನಗರಗಳ ಮೇಲೆ ತೆರಿಗೆ ಹೇರಿದ, ಅಡವಿಡಲೂ ಹೊರಟ. ಯಾರ ಕೈಗೆ ಅಡವು ಬೀಳುತ್ತದೆ ಎಂಬುದು ನಗರಗಳಿಗೆ ಗೊತ್ತಿತ್ತು. ಆ ಜುಲೈ 4ರಂದು ಉಲ್ಮ್ ನೇತೃತ್ವದಲ್ಲಿ 14 ನಗರಗಳು ಕೂಟ ಕಟ್ಟಿದವು.

1377ರ ಮೇ ತಿಂಗಳ ರಾಯ್ಟ್‌ಲಿಂಗೆನ್ ಕದನ ತಂತ್ರದ ಪಾಠಕ್ಕೆ ಇಡಬಹುದಾದದ್ದು. ನಗರದ ಪಡೆ ಉರಾಖ್ ಕಣಿವೆಯಲ್ಲಿ ಸೂರೆ ಮಾಡಿ ದನ ಹೊಡೆದುಕೊಂಡು ವಾಪಸು ಬರುತ್ತಿತ್ತು. ಎಬರ್‌ಹಾರ್ಡ್‌ನ ಮಗ ಉಲ್ರಿಕ್ ಆಖಾಲ್ಮ್ ಕೋಟೆಯಿಂದ ಇಳಿದು ಸೇಂಟ್ ಲಿಯೋನಾರ್ಡ್ ಗುಡಿಯ ಬಳಿ ದಾರಿ ಕಟ್ಟಿದ. ಸರದಾರರು ಕುದುರೆಯಿಂದ ಇಳಿದು ಕಾದುತ್ತಿದ್ದಾಗ ನಗರದ ಇನ್ನೊಂದು ಬಾಗಿಲಿಂದ ಹೊರಬಿದ್ದ ಜನ ಹಿಂದಿನಿಂದ ಬಂದು ಬಡಿದರು. ಬೆನ್ನಿಗೆ ಕಾವಲಿಲ್ಲದೆ ದಾರಿ ಕಟ್ಟಿದ್ದೇ ತಪ್ಪು. 60ಕ್ಕೂ ಹೆಚ್ಚು ಕುಲೀನರು ಬಿದ್ದರು, ಉಲ್ರಿಕ್ ಗಾಯಗೊಂಡು ಪಾರಾದ. 1388ರ ಆಗಸ್ಟಿನಲ್ಲಿ ಡ್ಯೋಫಿಂಗೆನ್‌ನಲ್ಲಿ ಲೆಕ್ಕ ತಿರುಗಿತು. ಊರಿನ ರೈತರು ಚರ್ಚಿನ ಸ್ಮಶಾನದ ಗೋಡೆಯೊಳಗೆ ಸೇರಿಕೊಂಡು ನಗರಗಳ ಪಡೆಯನ್ನು ತಡೆದು ನಿಲ್ಲಿಸಿದರು, ಅಷ್ಟರಲ್ಲಿ ಕೌಂಟ್ ಬಂದ. ಗೆಲುವು ಅಪ್ಪನದು, ಆದರೆ ಮಗ ಉಲ್ರಿಕ್ ಅಲ್ಲೇ ಬಿದ್ದ. 1389ರ ಎಗರ್ ಶಾಂತಿ ಆಜ್ಞೆ ನಗರ ಕೂಟಗಳನ್ನು ನಿಷೇಧಿಸಿತು. ನಗರಗಳು ಮಾತ್ರ ಸ್ವತಂತ್ರವಾಗಿಯೇ ಉಳಿದವು, 1802–03ರವರೆಗೆ. ವುರ್ಟೆಂಬರ್ಗ್ ನಕ್ಷೆ ತೂತು ತೂತು ದೋಸೆಯಂತಿರುವುದು ಇದರಿಂದ. 1519ರಲ್ಲಿ ಡ್ಯೂಕ್ ಉಲ್ರಿಕ್ ಸಿಟ್ಟಿನಲ್ಲಿ ರಾಯ್ಟ್‌ಲಿಂಗೆನ್ ಹಿಡಿದು ಇಡೀ ಸಂಸ್ಥಾನ ಕಳೆದುಕೊಂಡ. ಪಾಪ, ಮುತ್ತಾತಂದಿರ ಕಾಗದಪತ್ರ ಓದಿರಲಿಲ್ಲ.

ಇನ್ನು ಸಂಖ್ಯೆಯ ಗೊಂದಲ. ಬಿರುದು ಬದಲಾದಾಗ ಎಣಿಕೆ ಮತ್ತೆ ಒಂದರಿಂದ. ಕೌಂಟ್ 5ನೇ ಎಬರ್‌ಹಾರ್ಡ್ 1495ರಲ್ಲಿ ಡ್ಯೂಕ್ ಆದ, ಹಾಗಾಗಿ ಡ್ಯೂಕ್ 1ನೇ ಎಬರ್‌ಹಾರ್ಡ್. ಅವನ ನಂತರ ಬಂದ ದಾಯಾದಿ ಕೌಂಟ್ 6ನೆಯವನೂ ಹೌದು, ಡ್ಯೂಕ್ 2ನೆಯವನೂ ಹೌದು. ‘3ನೇ ಎಬರ್‌ಹಾರ್ಡ್’ ಎಂದಷ್ಟೇ ಬರೆದಿದ್ದರೆ ಅದು 1417ರಲ್ಲಿ ಸತ್ತ ಕೌಂಟೋ 1674ರಲ್ಲಿ ಸತ್ತ ಡ್ಯೂಕೋ ನೋಡಿಕೊಳ್ಳಿ, ನಡುವೆ ಎರಡೂವರೆ ಶತಮಾನ. ಅಡ್ಡಹೆಸರು ಹಿಡಿಯುವುದೇ ಸುರಕ್ಷಿತ, ಅದರಲ್ಲೂ ಒಂದು ಗುಂಡಿ ಇದೆ: ಜಗಳಗಂಟನಿಗೆ ‘ಭರ್ರೆನ್ನುವ ಗಡ್ಡದವ’ ಎಂಬ ಹೆಸರೂ ಇತ್ತು, 5ನೆಯವನು ‘ಗಡ್ಡದ ಎಬರ್‌ಹಾರ್ಡ್’. ಇಬ್ಬರ ಮಧ್ಯೆ ನೂರು ವರ್ಷ. ಉಲ್ರಿಕ್‌ಗಳಲ್ಲಿ ಐದೂ ಜನ ಕೌಂಟ್‌ಗಳು, ಡ್ಯೂಕ್ ಉಲ್ರಿಕ್ ಒಬ್ಬನೇ ಆದ್ದರಿಂದ ಅವನಿಗೆ ಸಂಖ್ಯೆ ಹಾಕುವುದಿಲ್ಲ. ಹಳೆಯ ಪತ್ರಗಳಲ್ಲಿ ಮನೆತನದ ಹೆಸರು ‘ವಿರ್ಟೆನ್‌ಬೆರ್ಗ್’, ‘ವಿರ್ಟೆಂಬೆರ್ಗ್’ ಎಂದಿರುತ್ತದೆ. ‘ವು’ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದಿಲ್ಲ.

ದಾಯಭಾಗ:

ಪಾಲಿನ ವಿಷಯ ನನಗೆ ಬಿಡಿ.

ಟ್ಯೂಬಿಂಗೆನ್‌ನವರು ಹಂಚಿ ಹಾಳಾದದ್ದನ್ನು ವುರ್ಟೆಂಬರ್ಗಿನವರು ಕೊಳ್ಳುವವರ ಕಡೆಯಿಂದ ನೋಡಿದ್ದರು. 2ನೇ ಎಬರ್‌ಹಾರ್ಡ್‌ನ ತಮ್ಮ 4ನೇ ಉಲ್ರಿಕ್ ಪಾಲು ಕೇಳಿದಾಗ, 1361ರ ಡಿಸೆಂಬರ್ 3ರಂದು ನ್ಯೂರೆಂಬರ್ಗ್‌ನಲ್ಲಿ, ನಾಡು ಒಡೆಯಬಾರದು ಎಂಬ ಕರಾರಾಯಿತು. ತಮ್ಮ ಮರುವರ್ಷವೇ ಆಡಳಿತದಿಂದ ಹಿಂದೆ ಸರಿದ. ಆ ಕರಾರು ಸುಮಾರು 80 ವರ್ಷ ಬಾಳಿತು, ಅರ್ಧ ಕರಾರಿನ ಬಲದಿಂದ, ಅರ್ಧ ಅದೃಷ್ಟದಿಂದ. ಮುಂದಿನ ಎರಡು ತಲೆಮಾರಿನಲ್ಲಿ ಹಕ್ಕುದಾರ ಒಬ್ಬನೇ ಇದ್ದ.

ಈ ಮಧ್ಯೆ ಎರಡು ಮದುವೆ ಗಮನಿಸಿ. 3ನೇ ಎಬರ್‌ಹಾರ್ಡ್ 1380ರಲ್ಲಿ ಮಿಲಾನ್‌ನ ಬೆರ್ನಬೋ ವಿಸ್ಕೊಂಟಿಯ ಮಗಳು ಅಂಟೋನಿಯಾಳನ್ನು ಮದುವೆಯಾದ. ವರದಕ್ಷಿಣೆ 70,000 ಗುಲ್ಡನ್ (ಚಿನ್ನದ ನಾಣ್ಯ), ನಗದು. ಅವರ ಮಗನಿಗೆ ಬಂದದ್ದು ನಗದಲ್ಲ, ನಾಡು. 1396ರಲ್ಲಿ ಡ್ಯಾನ್ಯೂಬ್ ತೀರದ ನಿಕೊಪೊಲಿಸ್‌ನಲ್ಲಿ ಆಟೊಮನ್ ಸುಲ್ತಾನನ ಎದುರು ಹೋರಾಡಿ ಸತ್ತವರಲ್ಲಿ ಮ್ಯೋಂಪೆಲ್‌ಗಾರ್ಡ್‌ನ (ಇವತ್ತಿನ ಫ್ರಾನ್ಸಿನ ಮೊಂಬೆಲ್ಯಾರ್) ಹೈನ್‌ರಿಖ್ ಒಬ್ಬ. ಮುಂದಿನ ವರ್ಷ ಅವನ ಅಪ್ಪನೂ ತೀರಿಕೊಂಡ. ಉಳಿದವಳು ಬಾಲೆ ಹೆನ್ರಿಯೆಟ್. 1397ರಲ್ಲೇ 9 ವರ್ಷದ 4ನೇ ಎಬರ್‌ಹಾರ್ಡ್ ಜೊತೆ ನಿಶ್ಚಯ ಮಾಡಿ ಮುಗಿಸಿದರು. ಒಂದು ಪೌಂಡ್ ಹೆಲ್ಲರ್ ಖರ್ಚಿಲ್ಲದೆ ಫ್ರೆಂಚ್ ಮಾತಾಡುವ ಒಂದು ಕೌಂಟಿ, ನಾನೂರು ವರ್ಷ ಕೈಲಿತ್ತು.

4ನೇ ಎಬರ್‌ಹಾರ್ಡ್ 1419ರಲ್ಲಿ ಬೇಗ ಸತ್ತ. ಮಕ್ಕಳಾದ 1ನೇ ಲುಡ್ವಿಗ್ ಮತ್ತು 5ನೇ ಉಲ್ರಿಕ್ ಚಿಕ್ಕವರು, ಹೆನ್ರಿಯೆಟ್ ಪೋಷಕರಲ್ಲಿ ಒಬ್ಬಳಾಗಿ ಆಡಳಿತ ನಡೆಸಿದಳು. ಹುಡುಗರು ಬೆಳೆದರು, ಇಬ್ಬರಿಗೂ ಮದುವೆಯಾಯಿತು, ಎರಡು ಒಲೆ ಹೊತ್ತಿತು. 1442ರ ಜನವರಿ 25ರಂದು ನ್ಯುರ್ಟಿಂಗೆನ್ ಕರಾರು: ಲುಡ್ವಿಗ್‌ಗೆ ಉರಾಖ್, ಉಲ್ರಿಕ್‌ಗೆ ಸ್ಟುಟ್‌ಗಾರ್ಟ್. ಪಾಲಾದ ಮೇಲೆ ಏನಾಗುತ್ತದೆಂದು ಉಲ್ರಿಕ್ ತೋರಿಸಿಕೊಟ್ಟ. ಮೈನ್ಸ್ ಆರ್ಚ್‌ಬಿಷಪ್ ಕುರ್ಚಿಗೆ ಇಬ್ಬರು ಜಗಳವಾಡುತ್ತಿದ್ದರೆ ಇವನು ನಡುವೆ ಹೋದ. 1462ರ ಜೂನ್ 30ರಂದು ಸೆಕೆನ್‌ಹೈಮ್‌ನಲ್ಲಿ ರೈನ್ ತೀರದ ಪ್ಯಾಲಟಿನೇಟ್ ಸೀಮೆಯ ಫ್ರೆಡರಿಕ್‌ಗೆ ಸೆರೆಸಿಕ್ಕ. ಬಿಡುಗಡೆಗೆ 1,00,000 ಗುಲ್ಡನ್. ಅಜ್ಜಿ ಅಂಟೋನಿಯಾ ತಂದ ವರದಕ್ಷಿಣೆಗಿಂತ ಒಂದೂವರೆ ಪಟ್ಟು ಹತ್ತಿರ, ಒಂದು ಮಧ್ಯಾಹ್ನದ ಕೆಲಸಕ್ಕೆ.

ಉರಾಖ್ ಕಡೆ 1445ರಲ್ಲಿ ಹುಟ್ಟಿದ ಗಡ್ಡದ ಎಬರ್‌ಹಾರ್ಡ್ ಬೇರೆ ಬಗೆ. 1468ರಲ್ಲಿ ಜೆರುಸಲೇಮ್ ಯಾತ್ರೆ, 1474ರಲ್ಲಿ ಮಾಂಟುವಾದ ಬಾರ್ಬರಾ ಗೊನ್ಜಾಗಾ ಜೊತೆ ಮದುವೆ, 1477ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ. ಅದೇ 1477ರಲ್ಲಿ ಟ್ಯೂಬಿಂಗೆನ್‌ನಿಂದ ಯೆಹೂದಿಗಳನ್ನು ಹೊರಹಾಕಿದವನೂ ಇವನೇ. ಹೊಗಳುವ ಬರಹಗಳು ಇದನ್ನು ದಾಟಿಸಿಬಿಡುತ್ತವೆ.

ಒಂದಾಗಿಸಿದ್ದು 1482ರ ಡಿಸೆಂಬರ್ 14ರ ಮ್ಯುನ್ಸಿಂಗೆನ್ ಕರಾರು. ಗಡ್ಡದವನಿಗೆ ಹೆಂಡತಿಯಲ್ಲಿ ಉಳಿದ ಮಗುವಿಲ್ಲ. ಸ್ಟುಟ್‌ಗಾರ್ಟಿನ ದಾಯಾದಿ ಎಬರ್‌ಹಾರ್ಡ್‌ಗೆ ಸಾಲ ಕುತ್ತಿಗೆವರೆಗೆ. ಆದ್ದರಿಂದ ಎರಡೂ ಪಾಲು ಸೇರಿಸು, ಆಳ್ವಿಕೆ ಗಡ್ಡದವನದು, ಅವನು ಸತ್ತ ಮೇಲೆ ದಾಯಾದಿಯದು, ಇನ್ನು ಮುಂದೆ ಒಡೆಯುವಂತಿಲ್ಲ. ದಾಯಾದಿ ಕರಾರು ಮುರಿಯಲು ಒದ್ದಾಡಿದ, 1485, 1489 ಅಂತ ತಿದ್ದುಪಡಿಗಳಾದವು. 1492ರ ಎಸ್ಲಿಂಗೆನ್ ಕರಾರಿನಲ್ಲಿ ಗಡ್ಡದವ ಒಂದು ಬೀಗ ಹಾಕಿದ: ತನ್ನ ನಂತರ ದಾಯಾದಿ ಬಂದರೂ ಮಠ, ಕುಲೀನ, ಪಟ್ಟಣಗಳ ಪ್ರತಿನಿಧಿಗಳು ಪಕ್ಕದಲ್ಲಿ ಕೂರಬೇಕು. ದಾಯಾದಿ ಎರಡೇ ವರ್ಷ ಆಳಿದ. 1498ರಲ್ಲಿ ಆ ಪ್ರತಿನಿಧಿಗಳೇ ದೊರೆ ಮ್ಯಾಕ್ಸಿಮಿಲಿಯನ್ ಒಪ್ಪಿಗೆಯೊಂದಿಗೆ ಇಳಿಸಿ 11 ವರ್ಷದ ಉಲ್ರಿಕ್‌ನನ್ನು ಕೂರಿಸಿದರು.

1495ರ ಜುಲೈ 21ರಂದು ಸಾಮ್ರಾಜ್ಯದ ವೊರ್ಮ್ಸ್ ಸಭೆಯಲ್ಲಿ ಸಿಕ್ಕ ಡ್ಯೂಕ್ ಪಟ್ಟವನ್ನು ಬಹುಮಾನ ಎಂದಷ್ಟೇ ಓದಬೇಡಿ. ಪಟ್ಟದ ಬೆಲೆ ಇದು: ಕೊಂಡದ್ದು, ಪಿತ್ರಾರ್ಜಿತ, ಉಂಬಳಿ ಎಲ್ಲ ಒಟ್ಟುಗೂಡಿ ಸಾಮ್ರಾಜ್ಯದ ಒಂದೇ ಉಂಬಳಿಯಾಯಿತು. ಒಡೆಯುವಂತಿಲ್ಲ, ಗಂಡು ಸಂತತಿಗೆ ಮಾತ್ರ. ಗಂಡು ಸಂತತಿ ನಿಂತರೆ ಎಲ್ಲವೂ ಸಾಮ್ರಾಜ್ಯಕ್ಕೆ. ಪಡಿಕಾಸು ಅವರು ವಿವರಿಸಿದ ಮುನ್ನೂರು ವರ್ಷಗಳ ಕ್ರಯಪತ್ರಗಳನ್ನು ಒಂದೇ ಸಹಿಯಲ್ಲಿ ಉಂಬಳಿ ಮಾಡಿಕೊಟ್ಟ ಹಾಗೆ. ಹಬ್ಸ್‌ಬರ್ಗ್ ದೊರೆ ಮ್ಯಾಕ್ಸಿಮಿಲಿಯನ್‌ಗೆ ಇದು ಸಿಹಿ, ಏಕೆಂದರೆ ವುರ್ಟೆಂಬರ್ಗ್ ಮನೆಯಲ್ಲಿ ಗಂಡುಮಕ್ಕಳು ಬೆರಳೆಣಿಕೆ. ಗಡ್ಡದವನಿಗೂ ಅನುಕೂಲ, ಪಾಲು ಕೇಳುವವರ ಬಾಯಿ ಮುಚ್ಚಿತು. ಅವನು ಡ್ಯೂಕ್ ಆಗಿ ಬದುಕಿದ್ದು ಏಳು ತಿಂಗಳು.

ಓಲೆಗರಿ:

ಎಲ್ಲರಿಗೂ ಧನ್ಯವಾದ. ಕಿಟ್ಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಈ ಗಡ್ಡದವನ ವಿಶ್ವವಿದ್ಯಾಲಯವೇ, ಮೊಗ್ಲಿಂಗ್ ಓದಿದ್ದೂ ಅಲ್ಲೇ ಎಂದಾಯಿತು. ಕೊನೆಯ ಪ್ರಶ್ನೆ: ಆ ಕಡೆಯ ಚರ್ಚು, ಬಾಗಿಲು, ಗೋರಿಗಳ ಫೋಟೋ ನೋಡುವಾಗ ಲಾಂಛನದಿಂದ ಕಾಲ ಹೇಳಬಹುದೇ?

ಮುದ್ರೆಮನೆ:

ಹೆಚ್ಚುಕಡಿಮೆ ಹೇಳಬಹುದು. ಚಿನ್ನದ ಬಣ್ಣದ ಹಿನ್ನೆಲೆಯಲ್ಲಿ ಒಂದರ ಕೆಳಗೊಂದು ಮಲಗಿಸಿದ ಮೂರು ಕಪ್ಪು ಸಾರಂಗದ ಕೊಂಬು ಮಾತ್ರ ಇದ್ದರೆ ಹಳೆಯ ಕೌಂಟ್‌ಗಳ ಕಾಲದ್ದು. ಮುದ್ರೆಗಳಲ್ಲಿ ಈ ಕೊಂಬು 13ನೇ ಶತಮಾನದ ಮೊದಲ ಭಾಗದಿಂದಲೇ ಸಿಗುತ್ತದೆ. ಕೊಂಬಿನ ಜೊತೆ ಬೆನ್ನಿಗೆ ಬೆನ್ನು ಮಾಡಿ ನೆಟ್ಟಗೆ ನಿಂತ ಎರಡು ಮೀನು ಇದ್ದರೆ, ಅದು ಹೆನ್ರಿಯೆಟ್ ತಂದ ಮ್ಯೋಂಪೆಲ್‌ಗಾರ್ಡ್ ಲಾಂಛನ, ಅಂದರೆ 15ನೇ ಶತಮಾನ. ನಾಲ್ಕು ಮನೆ ಮಾಡಿ ಕೊಂಬು, ಟೆಕ್‌ನ ಕಪ್ಪು-ಚಿನ್ನದ ವಜ್ರಾಕಾರದ ಚೌಕುಳಿ, ಹದ್ದಿನ ಬಾವುಟ, ಮೀನು ಎಲ್ಲ ತುಂಬಿದ್ದರೆ 1495ರ ನಂತರದ್ದು. ಬಾವುಟ ಸಾಮ್ರಾಜ್ಯದ ಯುದ್ಧಧ್ವಜ. ಅದನ್ನು ಹೊರುವ ಹಕ್ಕು 1336ರಲ್ಲಿ ಗ್ರೂನಿಂಗೆನ್ ಪಟ್ಟಣದ ಜೊತೆ 3ನೇ ಉಲ್ರಿಕ್‌ಗೆ ಬಂದಿತ್ತು. ಹಾಗಾಗಿ ಬಾವುಟ ಕಂಡ ಮಾತ್ರಕ್ಕೆ 1336 ಅನ್ನಬೇಡಿ, ಅದು ಗುರಾಣಿಯೊಳಗೆ ಒಂದು ಮನೆಯಾಗಿ ಕೂತಿದೆಯೇ ನೋಡಿ. 19ನೇ ಶತಮಾನದ ದುರಸ್ತಿಯಲ್ಲಿ ಹಳೆಯ ಗೋರಿಗಳಿಗೆ ಹೊಸ ಬಣ್ಣ ಬಳಿದದ್ದುಂಟು, ಬಣ್ಣ ನಂಬದೆ ಕೆತ್ತನೆ ನೋಡಿ. ಕೊಂಬು ಹತ್ತಿರದಿಂದ ನೋಡಲು ಸ್ಟುಟ್‌ಗಾರ್ಟ್‌ವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಸಿಗ್ನಲ್‌ನಲ್ಲಿ ಪೋರ್ಷೆ ಕಾರು ನಿಂತರೆ ಬಾನೆಟ್ ಮೇಲಿನ ಲಾಂಛನದಲ್ಲಿ, ಕುದುರೆಯ ಹಿಂದಿನ ಎರಡು ಮೂಲೆಗಳಲ್ಲಿ ಇದೆ.